‘ಇಟ್ ವಾಸ್’ ಎಂದು ವಾಕ್ಯ ಸೀಳುವ ಮುನ್ನ

ಧಾರವಾಡದ ಸಪ್ತಾಪುರದಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರ ಇಂಗ್ಲಿಷ್ ಬರಹ ತಿದ್ದುವಾಗ ನನಗೆ ಮತ್ತೆ ಮತ್ತೆ ಎದುರಾಗುವ ವಾಕ್ಯವಿದು: ‘ಇಟ್ ಈಸ್ ವೆರಿ ಸಾಫ್ಟ್ ದ್ಯಾಟ್ ದಿಸ್ ಪೇಡಾ ಈಸ್.’ ಅಡ್ಡಗೆರೆ ಎಳೆಯುವಾಗ ಕೈ ತಡೆಯುತ್ತದೆ. ‘ಈ ಪೇಡಾ ಇರುವುದೇ ಮೆತ್ತಗೆ’ ಎಂದು ಕನ್ನಡದಲ್ಲಿ ನಾವು ಸಲೀಸಾಗಿ ಹೇಳುತ್ತೇವಲ್ಲ! ‘ನಾನು ಹೋದದ್ದು ಹುಬ್ಬಳ್ಳಿಗೆ’, ‘ಬಂದದ್ದು ಅವಳು’, ‘ಮಗು ಇರುವುದೇ ಬೆಳ್ಳಗೆ’: ಊರಾಗಲಿ, ವ್ಯಕ್ತಿಯಾಗಲಿ, ಗುಣವಾಗಲಿ, ಒತ್ತು ಬೇಕಾದದ್ದನ್ನು ಕನ್ನಡ ಕೊನೆಗೆ ಕೂರಿಸುತ್ತದೆ. ಇಂಗ್ಲಿಷ್ ಅಷ್ಟು ಉದಾರಿಯಲ್ಲ.

ಮೊದಲು ಸಾದಾ ವಾಕ್ಯವೊಂದನ್ನು ಬರೆಯಿರಿ: ‘ಐ ಬಾಟ್ ದಿ ಪೇಡಾ ಇನ್ ಲೈನ್ ಬಜಾರ್ ಯೆಸ್ಟರ್‌ಡೇ.’ ಈಗ ಸೀಳಿ: ಒತ್ತು ಬೇಕಾದ ತುಂಡು ‘ಇಟ್ ವಾಸ್’ ಆದಮೇಲೆ, ಉಳಿದದ್ದು ‘ದ್ಯಾಟ್’ ಆದಮೇಲೆ. ‘ಇಟ್ ವಾಸ್ ಇನ್ ಲೈನ್ ಬಜಾರ್ ದ್ಯಾಟ್ ಐ ಬಾಟ್ ದಿ ಪೇಡಾ.’ ಸರಿಯಿದೆ. ‘ಯೆಸ್ಟರ್‌ಡೇ’ ಮುಂದೆ ತಂದರೂ ಸರಿ. ಇಂಥ ವಾಕ್ಯಕ್ಕೆ ‘ಕ್ಲೆಫ್ಟ್’, ಅಂದರೆ ಸೀಳಿದ್ದು, ಎಂಬ ಹೆಸರನ್ನು 1937ರಲ್ಲಿ ಕೊಟ್ಟವರು ಡೆನ್ಮಾರ್ಕಿನ ವ್ಯಾಕರಣಕಾರ ಒಟ್ಟೊ ಯೆಸ್ಪರ್ಸನ್.

ಮುಂದೆ ತಂದ ತುಂಡಿಗೆ ಪ್ರಶ್ನೆ ಹಾಕುವುದು ಎರಡನೆಯ ಹೆಜ್ಜೆ. ಅದು ಯಾರು, ಯಾವುದು, ಎಲ್ಲಿ, ಯಾವಾಗ ಎಂಬುದಕ್ಕೆ ಉತ್ತರವೇ? ಹಾಗಿದ್ದರೆ ಬಿಡಿ, ನಿಲ್ಲುತ್ತದೆ. ‘ಈಸ್’ ಆದಮೇಲೆ ಬಂದು ಕರ್ತೃವಿನ ಗುಣವನ್ನಷ್ಟೇ ಹೇಳುವ ‘ವೆರಿ ಸಾಫ್ಟ್’, ‘ಪ್ರೌಡ್ ಆಫ್ ಹರ್ ಸನ್’ನಂಥ ಗುಣವಾಚಕ ಪದಗುಚ್ಛವೇ? ‘ಇಟ್ ಈಸ್’ ಮುಂದಿನ ಪೀಠ ಅದಕ್ಕೆ ಸಲ್ಲುವುದಿಲ್ಲ.

ಆಗ ‘ವಾಟ್’ ಹಿಡಿಯಿರಿ: ‘ವಾಟ್ ಶಿ ಈಸ್ ಈಸ್ ಪ್ರೌಡ್ ಆಫ್ ಹರ್ ಸನ್.’ ಎರಡು ‘ಈಸ್’ ಒಟ್ಟಿಗೆ ಬಂದವೆಂದು ಒಂದನ್ನು ಹೊಡೆದುಹಾಕಬೇಡಿ, ಎರಡೂ ಬೇಕು. ಇಲ್ಲವೇ ಗುಣವನ್ನು ನಾಮಪದಕ್ಕೆ ಕಟ್ಟಿ: ‘ಇಟ್ ವಾಸ್ ದಿ ಸಾಫ್ಟ್ ಪೇಡಾ ದ್ಯಾಟ್ ಐ ಬಾಟ್.’ ಪರೀಕ್ಷೆಯಲ್ಲಿ ನನಗೆ ಮೆಚ್ಚುಗೆಯಾಗುವುದು ಈ ಎರಡನೆಯ ದಾರಿಯೇ, ಓದಲು ಹಗುರ.

ಒಂದು ಸಡಿಲಿಕೆ ಉಂಟು. ಬಾಗಿಲಿಗೆ ಬಣ್ಣ ಬಳಿದಾಗ ‘ಇಟ್ ವಾಸ್ ಗ್ರೀನ್, ನಾಟ್ ಬ್ಲೂ, ದ್ಯಾಟ್ ದೇ ಪೇಂಟೆಡ್ ದಿ ಡೋರ್’ ಎಂದರೆ ಹಲವು ಇಂಗ್ಲಿಷ್ ಭಾಷಿಕರು ಒಪ್ಪುತ್ತಾರೆ. ಇಲ್ಲಿ ಹಸಿರು ಕೆಲಸದ ಫಲ. ಅದೂ ನೀಲಿಗೆ ಎದುರಾಗಿ ನಿಂತ ಹಸಿರು. ಐರ್ಲೆಂಡಿನವರಂತೂ ‘ಇಟ್ಸ್ ಟಯರ್ಡ್ ಯು ಆರ್’ ಎಂದು ಆಡುತ್ತಾರೆ, ಅವರ ಐರಿಷ್ ನುಡಿಯ ವಾಕ್ಯಕಟ್ಟು ಇಂಗ್ಲಿಷಿಗೂ ಇಳಿದಿದೆ. ನಮ್ಮ ಹುಡುಗರು ಕನ್ನಡದಿಂದ ಇಳಿಸಿದ್ದೂ ಹಾಗೆಯೇ. ಉತ್ತರಪತ್ರಿಕೆಯಲ್ಲಿ ಮಾತ್ರ ಎರಡಕ್ಕೂ ಅಂಕ ಸಿಗುವುದಿಲ್ಲ.