ಫೇಸ್‌ಲಿಫ್ಟ್ ಮಾಡಿಸಿಕೊಳ್ಳುವ ಮುನ್ನ ನಾನು ವಿಚಾರಿಸಿಕೊಂಡದ್ದು

58ನೆಯ ವಯಸ್ಸಿನಲ್ಲಿ ನಾನು ಫೇಸ್‌ಲಿಫ್ಟ್, ಅಂದರೆ ಜೋತುಬಿದ್ದ ಮುಖವನ್ನು ಎತ್ತಿ ಕಟ್ಟುವ ಶಸ್ತ್ರಚಿಕಿತ್ಸೆ, ಮಾಡಿಸಿಕೊಂಡೆ. ಮಾಡಿಸಿಕೊಳ್ಳಬೇಕೆಂಬ ಆಸೆ ಮೂಡಿದ ದಿನದಿಂದ ಶಸ್ತ್ರಚಿಕಿತ್ಸೆಯ ದಿನದವರೆಗೆ 14 ತಿಂಗಳು ಹಿಡಿಯಿತು. ನನ್ನ ಮುಖದಲ್ಲಿ ನಿಜವಾಗಿ ಜೋತುಬಿದ್ದಿರುವುದು ಏನು, ಅದಕ್ಕೆ ಒದಗುವ ವಿಧಾನ ಯಾವುದು, ಆ ವಿಧಾನದಲ್ಲಿ ಕೈ ಪಳಗಿದವರು ಯಾರು ಎಂಬ ಮೂರು ಪ್ರಶ್ನೆಗಳನ್ನು ಬಿಡಿಸಿಕೊಳ್ಳುವುದಕ್ಕೇ ಆ ಕಾಲದ ಬಹುಪಾಲು ವ್ಯಯವಾಯಿತು. ಈ ಮೂರೂ ಒಂದಕ್ಕೊಂದು ಹೆಣೆದುಕೊಂಡ ಪ್ರಶ್ನೆಗಳು ಎಂಬುದು ನನಗೆ ಅರ್ಥವಾದದ್ದು ಮೊದಲು ಒಂದು ತಪ್ಪು ಹೆಜ್ಜೆ ಇಟ್ಟ ಮೇಲೆಯೇ.

ನಾನು ಮೊದಲು ಹೋದ ಚಿಕಿತ್ಸಾಲಯದಲ್ಲಿ ಸಲಹೆಗಾರರೊಬ್ಬರು ಮುಕ್ಕಾಲು ಗಂಟೆ ಮಾತನಾಡಿದರು. ಶಸ್ತ್ರವೈದ್ಯರು ಬಂದು ಐದಾರು ನಿಮಿಷ ಇದ್ದು ಹೋದರು. ಅವರು ನನ್ನ ಕುತ್ತಿಗೆಯನ್ನು ಮುಟ್ಟಿಯೂ ನೋಡಲಿಲ್ಲ. ಅದೇ ದಿನ ಮುಂಗಡ ಕಟ್ಟಿದರೆ ರಿಯಾಯಿತಿ ಉಂಟೆಂದು ಹೇಳಿದ್ದನ್ನು ನಂಬಿ ನಾನು ಹಣ ಕಟ್ಟಿದೆ. ಮನೆಗೆ ಬಂದು ಯೋಚಿಸಿದಾಗ, ಅವರು ಮಾಡಲಿರುವುದು ಯಾವ ಬಗೆಯ ಶಸ್ತ್ರಚಿಕಿತ್ಸೆ ಎಂಬುದೇ ನನಗೆ ಗೊತ್ತಿರಲಿಲ್ಲ. ಪತ್ರ ಬರೆದು ಕೇಳಿದ ಪ್ರಶ್ನೆಗಳಿಗೆ ಉತ್ತರ ಬರಲಿಲ್ಲ. ಕೊನೆಗೆ ಮುಂಗಡದ ಒಂದು ಪಾಲನ್ನು ಬಿಟ್ಟುಕೊಟ್ಟು ಅಲ್ಲಿಂದ ಹೊರಬಂದೆ. ಮುಖಕ್ಕೆ ಕತ್ತರಿ ಹಾಕುವ ವಿಷಯದಲ್ಲಿ ಇಂದೇ ನಿರ್ಧರಿಸಿ ಎಂದು ಅವಸರಪಡಿಸುವವರು ಎಂಥ ಪರಿಣತರೇ ಆಗಿರಲಿ, ಅಲ್ಲಿಂದ ಎದ್ದು ಬರಬೇಕೆಂಬುದು ಇಂದಿಗೂ ನನ್ನ ಖಚಿತ ಅಭಿಪ್ರಾಯ.

ಆ ಮೇಲೆ ಮುಖದ ರಚನೆಯ ಬಗ್ಗೆ ಓದತೊಡಗಿದೆ. ಚರ್ಮ ಸಡಿಲವಾಗುವುದರಿಂದಲೇ ಮುಖ ಜೋತುಬೀಳುತ್ತದೆ ಎಂದು ನಾನು ಅದುವರೆಗೆ ತಪ್ಪಾಗಿ ತಿಳಿದಿದ್ದೆ. ಚರ್ಮದ ಅಡಿಯಲ್ಲಿ ಕೊಬ್ಬು, ಅದರಡಿಯಲ್ಲಿ ಸ್ನಾಯು ಮತ್ತು ನಾರಿನಿಂದ ಕೂಡಿದ ಒಂದು ತೆಳು ಹಾಳೆಯಂಥ ಪದರವಿದೆ. ಫ್ರಾನ್ಸಿನ ಮಿಟ್ಸ್ ಮತ್ತು ಪೆರೋನಿ 1976ರಲ್ಲಿ ವಿವರಿಸಿದ ಈ ಪದರವನ್ನು ವೈದ್ಯರು ‘ಸ್ಮಾಸ್’ ಎಂದು ಕರೆಯುತ್ತಾರೆ. ಕುತ್ತಿಗೆಯಲ್ಲಿ ಇದೇ ಪದರ ಪ್ಲಾಟಿಸ್ಮಾ ಎಂಬ ಅಗಲವಾದ ತೆಳು ಸ್ನಾಯುವಾಗಿ ಮುಂದುವರಿಯುತ್ತದೆ. ವಯಸ್ಸಾದಂತೆ ಚರ್ಮದ ಜೊತೆಗೆ ಈ ಒಳಪದರವೂ ಕೊಬ್ಬೂ ಕೆಳಗಿಳಿಯುತ್ತವೆ. ದವಡೆಯ ಅಂಚಿನಲ್ಲಿ ಮೂಡುವ ಜೋಲಿಗೂ, ಮಾತನಾಡುವಾಗ ಕುತ್ತಿಗೆಯಲ್ಲಿ ಹಗ್ಗದಂತೆ ಎದ್ದು ನಿಲ್ಲುವ ಎರಡು ಪಟ್ಟಿಗಳಿಗೂ ಮೂಲ ಇಲ್ಲಿದೆ. ನನ್ನನ್ನು ಕಾಡುತ್ತಿದ್ದದ್ದು ಈ ಎರಡೇ.

ಇಷ್ಟು ತಿಳಿದ ಮೇಲೆ ವಿಧಾನಗಳ ಹೆಸರುಗಳು ತಾವಾಗಿಯೇ ಅರ್ಥವಾದವು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಶಸ್ತ್ರವೈದ್ಯರು ಚರ್ಮವನ್ನಷ್ಟೇ ಎಳೆದು, ಹೆಚ್ಚಾದದ್ದನ್ನು ಕತ್ತರಿಸಿ ಹೊಲಿಯುತ್ತಿದ್ದರು. ಚರ್ಮ ಹಿಗ್ಗುವ ವಸ್ತುವಾದ್ದರಿಂದ ಅದರ ಫಲ ಬೇಗ ಸಡಿಲುತ್ತಿತ್ತು. ಎಳೆತದ ಭಾರವೆಲ್ಲ ಹೊಲಿಗೆಯ ಮೇಲೆ ಬಿದ್ದು ಕಲೆ ಅಗಲವಾಗುತ್ತಿತ್ತು, ಕಿವಿಯ ಹಾಲೆ ಕೆನ್ನೆಗೆ ಅಂಟಿ ಕೆಳಕ್ಕೆ ಜಗ್ಗಿದಂತೆ ಕಾಣುತ್ತಿತ್ತು. ಸ್ವೀಡನ್ನಿನ ಟೋರ್ಡ್ ಸ್ಕೂಗ್ 1970ರ ದಶಕದಲ್ಲಿ ಒಳಪದರವನ್ನೂ ಚರ್ಮದೊಂದಿಗೆ ಎತ್ತುವ ದಾರಿ ತೋರಿಸಿದರು. ಇಂದು ಸ್ಮಾಸ್ ಪದರವನ್ನು ಮಡಿಸಿ ಹೊಲಿಯುವವರಿದ್ದಾರೆ. ಅದರ ಒಂದು ಪಟ್ಟಿಯನ್ನು ತೆಗೆದು ಅಂಚುಗಳನ್ನು ಕೂಡಿಸುವವರಿದ್ದಾರೆ. ಅದರಡಿಗೆ ಹೋಗಿ, ಮುಖವನ್ನು ಹಿಡಿದಿಟ್ಟ ಕಟ್ಟುಗಳನ್ನು ಬಿಡಿಸಿ, ಚರ್ಮ ಮತ್ತು ಪದರ ಎರಡನ್ನೂ ಒಂದಾಗಿ ಮೇಲಕ್ಕೊಯ್ಯುವ ‘ಡೀಪ್ ಪ್ಲೇನ್’ ವಿಧಾನದವರೂ ಇದ್ದಾರೆ. ಈ ಕೊನೆಯದನ್ನು ಅಮೆರಿಕದ ಸ್ಯಾಮ್ ಹಾಮ್ರಾ 1990ರಲ್ಲಿ ವಿವರಿಸಿದರು. ಆಳಕ್ಕೆ ಹೋದಷ್ಟೂ ಮುಖದ ಚಲನೆಯ ನರದ ಕವಲುಗಳು ಹತ್ತಿರವಾಗುತ್ತವೆ. ಆದ್ದರಿಂದ ವೈದ್ಯರ ಅನುಭವ ಅಲ್ಲಿ ಇನ್ನೂ ಮುಖ್ಯವಾಗುತ್ತದೆ.

ಇವುಗಳಲ್ಲಿ ಯಾವುದು ಮೇಲು ಎಂದು ಬಹಳ ದಿನ ತಲೆಕೆಡಿಸಿಕೊಂಡೆ. ಒಂದೇ ವಿಧಾನ ಎಲ್ಲ ಮುಖಗಳಿಗೂ ಶ್ರೇಷ್ಠವೆಂದು ಖಚಿತವಾಗಿ ಸಾಬೀತಾಗಿಲ್ಲ. ವಿಧಾನದ ಹೆಸರಿನ ಮೇಲೆ ವೈದ್ಯರನ್ನು ಹುಡುಕುವುದಕ್ಕಿಂತ, ತಾವು ಮಾಡುವ ವಿಧಾನವನ್ನು ನೂರಾರು ಸಲ ಮಾಡಿದವರನ್ನು ಹುಡುಕುವುದೇ ಸರಿಯೆಂದು ತೀರ್ಮಾನಿಸಿದೆ. ಆದರೆ ಕೆಲವನ್ನು ಕೈಬಿಡಲು ಓದು ನೆರವಾಯಿತು. ಕಿವಿಯ ಮುಂದೆ ಮಾತ್ರ ಚಿಕ್ಕ ಗೀರು ಹಾಕುವ ಮಿನಿ ಲಿಫ್ಟ್ ದವಡೆಯ ಆರಂಭದ ಜೋಲಿಗೆ ಸರಿ. ಕುತ್ತಿಗೆಯ ಪಟ್ಟಿಗಳಿದ್ದ ನನಗೆ ಅದರಿಂದ ಅರ್ಧ ಕೆಲಸವಷ್ಟೇ ಆಗುತ್ತಿತ್ತು. ದಾರ ಹಾಕಿ ಎಳೆಯುವ ಚಿಕಿತ್ಸೆಯ ಫಲ ಅಲ್ಪಕಾಲದ್ದು.

ವೈದ್ಯರನ್ನು ಆರಿಸುವಾಗ ಮೊದಲು ನೋಡಿದ್ದು ವಿದ್ಯಾರ್ಹತೆ. ‘ಕಾಸ್ಮೆಟಿಕ್ ಸರ್ಜನ್’ ಎಂಬ ಹೆಸರನ್ನು ಅನೇಕ ಕಡೆ ಬೇರೆ ವಿಭಾಗದಲ್ಲಿ ತರಬೇತಿ ಪಡೆದವರೂ ಹಾಕಿಕೊಳ್ಳುತ್ತಾರೆ. ಆದ್ದರಿಂದ ಫಲಕದ ಮೇಲಿನ ಹೆಸರನ್ನು ನಂಬದೆ, ಪ್ಲಾಸ್ಟಿಕ್ ಸರ್ಜರಿಯಲ್ಲಿ ಅಥವಾ ಕಿವಿ-ಮೂಗು-ಗಂಟಲು ವಿಭಾಗದ ಬಳಿಕ ಮುಖದ ಪ್ಲಾಸ್ಟಿಕ್ ಸರ್ಜರಿಯಲ್ಲಿ ಪೂರ್ಣಾವಧಿ ತರಬೇತಿ ಆಗಿದೆಯೇ ಎಂಬುದನ್ನು ವೈದ್ಯಕೀಯ ಪರಿಷತ್ತಿನ ನೋಂದಣಿಯಲ್ಲಿ ನಾನೇ ಹುಡುಕಿ ನೋಡಿದೆ. ಶಸ್ತ್ರಚಿಕಿತ್ಸೆ ನಡೆಯುವ ಸ್ಥಳಕ್ಕೆ ಮಾನ್ಯತೆ ಇದೆಯೇ, ಅರಿವಳಿಕೆ ಕೊಡುವವರು ಅರಿವಳಿಕೆ ತಜ್ಞರೇ, ರಾತ್ರಿ ತೊಂದರೆಯಾದರೆ ಯಾವ ಆಸ್ಪತ್ರೆಗೆ ಸೇರಿಸುತ್ತಾರೆ ಎಂಬುದನ್ನೂ ಬರೆದುಕೊಂಡು ಹೋಗಿ ಕೇಳಿದೆ.

ಫೋಟೋಗಳ ವಿಷಯ ಸ್ವಲ್ಪ ವಿವರವಾಗಿಯೇ ಹೇಳಬೇಕು. ‘ಮೊದಲು’ ಮತ್ತು ‘ಆಮೇಲೆ’ ಎಂಬ ಜೋಡಿ ಚಿತ್ರಗಳನ್ನು ಎಲ್ಲರೂ ತೋರಿಸುತ್ತಾರೆ. ಮೊದಲಿನ ಚಿತ್ರದಲ್ಲಿ ಗದ್ದ ತಗ್ಗಿಸಿ, ಆಮೇಲಿನ ಚಿತ್ರದಲ್ಲಿ ಗದ್ದ ಎತ್ತಿ, ಬೆಳಕನ್ನು ಮುಂದಿನಿಂದ ಬಿಟ್ಟು, ಮುಖಕ್ಕೆ ಬಣ್ಣ ಹಚ್ಚಿದರೆ ಶಸ್ತ್ರಚಿಕಿತ್ಸೆ ಇಲ್ಲದೆಯೂ ಐದು ವರ್ಷ ಕಡಿಮೆ ಕಾಣಿಸಬಹುದು. ಆದ್ದರಿಂದ ಒಂದೇ ಬೆಳಕಿನಲ್ಲಿ, ಮುಂದಿನಿಂದಲೂ ಪಕ್ಕದಿಂದಲೂ ತೆಗೆದ, ಕೂದಲು ಎತ್ತಿ ಕಟ್ಟಿ ಕಿವಿಯ ಹಿಂಭಾಗ ತೋರಿಸುವ, ಒಂದು ವರ್ಷ ಕಳೆದ ಮೇಲಿನ ಚಿತ್ರಗಳನ್ನೇ ಕೇಳಿದೆ. ನನ್ನ ಕಣ್ಣು ಮೊದಲು ಹೋಗುತ್ತಿದ್ದದ್ದು ಕಿವಿಯ ಹಾಲೆಯ ಕಡೆಗೆ. ಅದು ತನ್ನ ದುಂಡನೆಯ ಆಕಾರದಲ್ಲಿ ಬಿಡಿಯಾಗಿ ನಿಂತಿದ್ದರೆ, ಎಳೆತ ಚರ್ಮದ ಮೇಲೆ ಬಿದ್ದಿಲ್ಲ ಎಂದು ತಿಳಿಯಬಹುದು. ಕಿವಿಯ ಹಿಂದೆ ಕೂದಲಿನ ಗೆರೆ ಮೆಟ್ಟಿಲಿನಂತೆ ಮುರಿದಿದೆಯೇ ಎಂದೂ ನೋಡುತ್ತಿದ್ದೆ. ಇಬ್ಬರು ವೈದ್ಯರಲ್ಲಿ ಒಂದು ವರ್ಷದ ನಂತರದ ಚಿತ್ರಗಳೇ ಇರಲಿಲ್ಲ. ಅವರನ್ನು ಅಲ್ಲಿಗೇ ಬಿಟ್ಟೆ.

ಕೊನೆಗೆ ನಾನು ಆರಿಸಿಕೊಂಡ ವೈದ್ಯೆ ಮೊದಲ ಭೇಟಿಯಲ್ಲಿ ನನ್ನ ಕೈಗೆ ಒಂದು ಕನ್ನಡಿ ಕೊಟ್ಟು, ಹಲ್ಲು ಕಚ್ಚಿ ಕೆಳತುಟಿಯನ್ನು ಕೆಳಕ್ಕೆ ಎಳೆಯಲು ಹೇಳಿದರು. ಕುತ್ತಿಗೆಯ ಪಟ್ಟಿಗಳು ತಟ್ಟನೆ ಎದ್ದು ನಿಂತವು. ಎರಡು ಬೆರಳುಗಳನ್ನು ಕಿವಿಯ ಕೆಳಗಿಟ್ಟು ಓರೆಯಾಗಿ ಮೇಲಕ್ಕೆ ಸರಿಸಿ, “ದವಡೆ ಸುಮಾರು ಹೀಗೆ ಬರುತ್ತದೆ, ಇದಕ್ಕಿಂತ ಹೆಚ್ಚು ಎಳೆಯುವುದಿಲ್ಲ,” ಎಂದರು. ಆ ಬಳಿಕ ನನ್ನ ಮೇಲ್ತುಟಿಯ ಸಣ್ಣ ಗೆರೆಗಳನ್ನು ತೋರಿಸಿ, “ಇವು ಈ ಶಸ್ತ್ರಚಿಕಿತ್ಸೆಯಿಂದ ಹೋಗುವುದಿಲ್ಲ. ರೆಪ್ಪೆಯ ಚೀಲವೂ ಹೋಗುವುದಿಲ್ಲ. ಇವಕ್ಕಾಗಿ ಬಂದಿದ್ದರೆ ನಿಮಗೆ ನಿರಾಸೆಯಾಗುತ್ತದೆ,” ಎಂದರು. ಏನಾಗುವುದಿಲ್ಲ ಎಂಬುದನ್ನು ನಾನು ಕೇಳುವ ಮೊದಲೇ ಹೇಳಿದವರು ಅವರೊಬ್ಬರೇ. ರಕ್ತ ಚರ್ಮದಡಿಯಲ್ಲಿ ಶೇಖರವಾಗುವ ಹೆಮಟೋಮಾ ಈ ಶಸ್ತ್ರಚಿಕಿತ್ಸೆಯಲ್ಲಿ ಹೆಚ್ಚಾಗಿ ಕಾಣುವ ತೊಡಕು. ಸಾಮಾನ್ಯವಾಗಿ ಅದು ಮೊದಲ 24 ಗಂಟೆಗಳಲ್ಲಿ ಆಗುತ್ತದೆ. ನಿಮ್ಮ ರೋಗಿಗಳಲ್ಲಿ ಯಾರಿಗಾದರೂ ಆಗಿದೆಯೇ ಎಂದು ಕೇಳಿದಾಗ, ಆಗಿದೆ ಎಂದು ನೇರವಾಗಿ ಒಪ್ಪಿಕೊಂಡು, ಒಬ್ಬರನ್ನು ಅದೇ ರಾತ್ರಿ ಮತ್ತೆ ಶಸ್ತ್ರಚಿಕಿತ್ಸಾ ಕೊಠಡಿಗೆ ಕರೆದೊಯ್ದ ಸಂಗತಿಯನ್ನು ವಿವರಿಸಿದರು. ಒಮ್ಮೆಯೂ ಆಗಿಲ್ಲ ಎಂದಿದ್ದರೆ ನಾನು ನಂಬುತ್ತಿರಲಿಲ್ಲ.

ಅವರು ತಾವೇ ನನ್ನ ರಕ್ತದೊತ್ತಡ ಅಳೆದರು. 152/96 ಇತ್ತು. ರಕ್ತದೊತ್ತಡ ಏರಿದ್ದರೆ ಹೆಮಟೋಮಾದ ಅಪಾಯವೂ ಏರುತ್ತದೆಂದು ಹೇಳಿ, ಸಾಮಾನ್ಯ ವೈದ್ಯರ ಬಳಿಗೆ ಕಳುಹಿಸಿ, ಅದು ಹತೋಟಿಗೆ ಬರುವವರೆಗೆ ದಿನ ಗೊತ್ತುಮಾಡಲು ಒಪ್ಪಲಿಲ್ಲ. ಹೀಗೆ ಎರಡು ತಿಂಗಳು ಮುಂದಕ್ಕೆ ಹೋಯಿತು. ಅಂದು ಬೇಸರವಾದದ್ದು ನಿಜ. ಆದರೆ ಇವರೇ ನನ್ನ ವೈದ್ಯರು ಎಂದು ಮನಸ್ಸಿನಲ್ಲಿ ಗಟ್ಟಿಯಾದದ್ದೂ ಅಂದೇ. ನಾನು ಸೇವಿಸುತ್ತಿದ್ದ ಮೀನೆಣ್ಣೆಯ ಮತ್ತು ವಿಟಮಿನ್ ಇ ಗುಳಿಗೆಗಳನ್ನು ಎರಡು ವಾರ ಮುಂಚೆ ನಿಲ್ಲಿಸಲು ಹೇಳಿದರು. ಹೃದಯಕ್ಕಾಗಿ ಆಸ್ಪಿರಿನ್ ಸೇವಿಸುವವರು ಅದನ್ನು ತಾವಾಗಿ ನಿಲ್ಲಿಸಬಾರದು, ಬರೆದುಕೊಟ್ಟ ವೈದ್ಯರನ್ನು ಕೇಳಲೇಬೇಕು. ನನಗೆ ಧೂಮಪಾನದ ಅಭ್ಯಾಸವಿಲ್ಲ. ಇರುವವರು ಕನಿಷ್ಠ ನಾಲ್ಕು ವಾರ ಮೊದಲೇ ಬಿಡಬೇಕು, ಏಕೆಂದರೆ ನಿಕೋಟಿನ್ ಚರ್ಮದ ಸಣ್ಣ ರಕ್ತನಾಳಗಳನ್ನು ಕುಗ್ಗಿಸುವುದರಿಂದ ಎತ್ತಿದ ಚರ್ಮವೇ ಸಾಯುವ ಸಂಭವವಿದೆ.

ಶಸ್ತ್ರಚಿಕಿತ್ಸೆಯ ಬೆಳಿಗ್ಗೆ ನನ್ನನ್ನು ಕುಳ್ಳಿರಿಸಿಯೇ ಮುಖದ ಮೇಲೆ ನೇರಳೆ ಶಾಯಿಯಲ್ಲಿ ಗೆರೆ ಎಳೆದರು. ಮಲಗಿದರೆ ಮುಖದ ಭಾರ ಹಿಂದಕ್ಕೆ ಸರಿದು ಅಳತೆ ತಪ್ಪುತ್ತದೆ. ಸ್ಮಾಸ್ ಪದರವನ್ನು ಎತ್ತಿ ಕಟ್ಟುವುದರ ಜೊತೆಗೆ, ಗದ್ದದ ಕೆಳಗೆ ಒಂದು ಚಿಕ್ಕ ಗೀರು ಹಾಕಿ ಕುತ್ತಿಗೆಯ ಪಟ್ಟಿಗಳನ್ನು ನಡುವೆ ಕೂಡಿಸಿ ಹೊಲಿದರು. ಒಟ್ಟು ನಾಲ್ಕೂವರೆ ಗಂಟೆ ಹಿಡಿಯಿತು. ರಾತ್ರಿಯಿಡೀ ದಾದಿಯರು ಗಂಟೆಗೊಮ್ಮೆ ಬಂದು ಎರಡೂ ಕೆನ್ನೆಗಳನ್ನು ಹೋಲಿಸಿ ನೋಡುತ್ತಿದ್ದರು. ಒಂದೇ ಕಡೆ ಊದಿಕೊಂಡು ನೋವು ಹೆಚ್ಚಿದರೆ ತಕ್ಷಣ ತಿಳಿಸಬೇಕೆಂದು ನನಗೂ ಹೇಳಿಟ್ಟಿದ್ದರು. ಕಿವಿಯ ಮುಂದಿನ ಹೊಲಿಗೆ ಆರನೆಯ ದಿನ, ಹಿಂದಿನದು ಹತ್ತನೆಯ ದಿನ ಬಿಚ್ಚಿದರು. ಮೂರನೆಯ ವಾರದ ಹೊತ್ತಿಗೆ ನೀಲಿಗಟ್ಟಿದ್ದು ಮಾಸಿತು. ಕಿವಿಯ ಕೆಳಭಾಗ ಮಾತ್ರ ಏಳು ತಿಂಗಳು ಮರಗಟ್ಟಿತ್ತು. ಓಲೆ ಹಾಕಿಕೊಳ್ಳುವಾಗ ಕನ್ನಡಿ ನೋಡದೆ ತೂತು ಸಿಗುತ್ತಿರಲಿಲ್ಲ. ಇದನ್ನೂ ಅವರು ಮೊದಲೇ ತಿಳಿಸಿದ್ದರಿಂದ ಗಾಬರಿಯಾಗಲಿಲ್ಲ.

ಒಂದು ವರ್ಷಕ್ಕೆ ಅದೇ ಗೋಡೆಯ ಮುಂದೆ, ಅದೇ ಬೆಳಕಿನಲ್ಲಿ, ಕೂದಲು ಎತ್ತಿ ಕಟ್ಟಿ ನನ್ನ ಫೋಟೋ ತೆಗೆದರು. ದವಡೆಯ ಗೆರೆ ಸ್ಪಷ್ಟವಾಗಿದೆ, ಕುತ್ತಿಗೆಯ ಪಟ್ಟಿಗಳಿಲ್ಲ. ಮೇಲ್ತುಟಿಯ ಗೆರೆಗಳು ಅವರು ಹೇಳಿದಂತೆ ಇದ್ದಲ್ಲೇ ಇವೆ. ಮುಂದೆ ಬರುವವರಿಗೆ ಈ ಚಿತ್ರಗಳನ್ನು ತೋರಿಸಬಹುದೇ ಎಂದು ಅವರು ಕೇಳಿದಾಗ, ಕಿವಿಯ ಹಿಂಭಾಗದ ಚಿತ್ರವನ್ನೂ ತೋರಿಸುವುದಾದರೆ ಆಗಬಹುದು ಎಂದು ಹೇಳಿ ಸಹಿ ಹಾಕಿಕೊಟ್ಟೆ.