ದಖ್ಖನ್ನಿನಲ್ಲಿ ಆಡುವವರಿಗೆ ಯಾವ ವಿಸ್ತರಣೆ ಬೇಕು? ಯುರೋಪಾ ಯೂನಿವರ್ಸಾಲಿಸ್ 4, ನನ್ನ ಅನುಭವ

ಪ್ಯಾರಡಾಕ್ಸ್ ಕಂಪನಿಯ ಸ್ಟಾಕ್‌ಹೋಮ್ ತಂಡ ಯುರೋಪಾ ಯೂನಿವರ್ಸಾಲಿಸ್ 4 ಎಂಬ ಚಾರಿತ್ರಿಕ ತಂತ್ರದ ಕಂಪ್ಯೂಟರ್ ಆಟವನ್ನು ಹೊರತಂದದ್ದು 2013ರ ಆಗಸ್ಟ್‌ನಲ್ಲಿ. ಅಂದಿನಿಂದ 2024ರ ವಿಂಡ್ಸ್ ಆಫ್ ಚೇಂಜ್‌ವರೆಗೆ ಅದಕ್ಕೆ 20ಕ್ಕೂ ಹೆಚ್ಚು ವಿಸ್ತರಣೆಗಳು, ಅಂದರೆ ಬೇರೆಯಾಗಿ ಕೊಳ್ಳಬೇಕಾದ ಹೆಚ್ಚುವರಿ ಭಾಗಗಳು, ಬಂದಿವೆ. ಆಟಗಳನ್ನು ಮಾರುವ ಸ್ಟೀಮ್ ಎಂಬ ಆನ್‌ಲೈನ್ ಅಂಗಡಿಯನ್ನು ಹೊಸದಾಗಿ ತೆರೆದು ನೋಡುವವರಿಗೆ ಆ ಪಟ್ಟಿ ಎಲ್ಲಿ ಶುರುವಾಗಿ ಎಲ್ಲಿ ಮುಗಿಯುತ್ತದೆ ಎಂಬುದೇ ತಿಳಿಯುವುದಿಲ್ಲ. ಎಲ್ಲವನ್ನೂ ಪೂರ್ಣ ಬೆಲೆಗೆ ಕೊಂಡರೆ ಮೂಲ ಆಟಕ್ಕಿಂತ ಹಲವು ಪಟ್ಟು ಹೆಚ್ಚು ಹಣ ಹೋಗುತ್ತದೆ. ಹಾಗೆಂದು ಒಂದನ್ನೂ ಕೊಳ್ಳದೆ ಆಡಿದರೆ, ಅದರಲ್ಲೂ ನಮ್ಮ ನಾಡಿನ ರಾಜ್ಯಗಳನ್ನು ಆಡಿದರೆ, ಆಟದ ಮುಖ್ಯವಾದ ಸೊಗಸೇ ಕೈತಪ್ಪುತ್ತದೆ. ನಾನು ವಿಜಯಪುರದವನು. ಬಹಮನಿ ಮತ್ತು ವಿಜಯನಗರ, ಈ ಎರಡು ರಾಜ್ಯಗಳನ್ನೇ ಹೆಚ್ಚಾಗಿ ಆಡುತ್ತ ಬಂದವನು. ಯಾವ ವಿಸ್ತರಣೆಯನ್ನು ಮೊದಲು ಕೊಂಡೆ, ಯಾವುದನ್ನು ಮುಂದಕ್ಕೆ ಹಾಕಿದೆ, ಯಾವುದನ್ನು ಬೇಡವೆಂದು ಬಿಟ್ಟೆ ಮತ್ತು ಏಕೆ ಬಿಟ್ಟೆ ಎಂಬುದನ್ನು ಇಲ್ಲಿ ವಿವರವಾಗಿ ಬರೆಯುತ್ತಿದ್ದೇನೆ.

ಆಯ್ಕೆಗೆ ಸರಿಯಾದ ದಾರಿ ತೋರಿಸಿದ್ದು ನನ್ನ ತಮ್ಮನ ಒಂದು ಪ್ರಶ್ನೆ. ಹಲವು ವಿಸ್ತರಣೆಗಳನ್ನು ಕೂಡಿಸಿ ಮಾರುವ ದೊಡ್ಡ ಬಂಡಲ್ ಒಂದರ ಬೆಲೆಯನ್ನು ನಾನು ಲೆಕ್ಕ ಹಾಕುತ್ತ ಕುಳಿತಿದ್ದಾಗ ಅವನು, "ಅಣ್ಣಾ, ಎಲ್ಲಾ ಒಮ್ಮೆಲೆ ತಗೊಂಡು ಏನ್ ಮಾಡ್ತಿ? ಮೊದಲ ಯಾ ರಾಜ್ಯ ಆಡಾಂವ ಅದಿ, ಅದನ್ನ ಹೇಳು" ಎಂದ. ಈ ಆಟದ ವಿಸ್ತರಣೆಗಳ ಸ್ವರೂಪವೇ ಅಂಥದ್ದು. ಕೆಲವು ಯಾವ ರಾಜ್ಯವನ್ನು ಆಡಿದರೂ ಉಪಯೋಗಕ್ಕೆ ಬರುವ ಸೌಲಭ್ಯಗಳನ್ನು ಕೊಡುತ್ತವೆ. ಹೆಚ್ಚಿನವು ಭೂಪಟದ ಒಂದು ಮೂಲೆಗೆ ಮಾತ್ರ ಜೀವ ತುಂಬುತ್ತವೆ. ರಷ್ಯಾ ಆಡುವವರಿಗೆ ಥರ್ಡ್ ರೋಮ್, ಚೀನಾ ಆಡುವವರಿಗೆ ಮ್ಯಾಂಡೇಟ್ ಆಫ್ ಹೆವನ್, ಇಂಗ್ಲೆಂಡ್ ಆಡುವವರಿಗೆ ರೂಲ್ ಬ್ರಿಟಾನಿಯಾ ಬಹಳ ಮುಖ್ಯ. ಬೀದರಿನಿಂದ ರಾಜ್ಯಭಾರ ಮಾಡುವವನಿಗೆ ಅವುಗಳಿಂದ ಹೇಳಿಕೊಳ್ಳುವಂಥ ಪ್ರಯೋಜನವಿಲ್ಲ. ಇನ್ನೊಂದು ಸಂಗತಿ ಹೊಸಬರಿಗೆ ಗೊತ್ತಿರುವುದಿಲ್ಲ: ಪ್ರತಿ ವಿಸ್ತರಣೆಯ ಜೊತೆಗೆ ಆಟವನ್ನು ಪರಿಷ್ಕರಿಸುವ ಉಚಿತ ಪ್ಯಾಚ್ ಒಂದು ಎಲ್ಲರಿಗೂ ಬರುತ್ತದೆ. ಹೊಸ ಪ್ರಾಂತ್ಯಗಳು, ಭೂಪಟದ ತಿದ್ದುಪಡಿಗಳು, ಮೂಲ ನಿಯಮಗಳ ಬದಲಾವಣೆಗಳು ಬಹುತೇಕ ಆ ಪ್ಯಾಚಿನಲ್ಲೇ ಇರುತ್ತವೆ. ಆದ್ದರಿಂದ ಹಣ ಕೊಡಬೇಕಾದದ್ದು ನಿರ್ದಿಷ್ಟವಾಗಿ ಯಾವ ಬಟನ್‌ಗಾಗಿ, ಯಾವ ಅಧಿಕಾರಕ್ಕಾಗಿ ಎಂದು ಕೇಳಿಕೊಂಡು ನೋಡುವುದು ಅಗತ್ಯ.

ಆಟ ಆರಂಭವಾಗುವುದು 1444ರ ನವೆಂಬರ್ 11ರಂದು, ಅಂದರೆ ಯುರೋಪಿನಲ್ಲಿ ವಾರ್ನಾ ಕದನ ನಡೆದ ಮರುದಿನ. ಆಗ ತುಂಗಭದ್ರೆಯ ದಂಡೆಯಲ್ಲಿ ವಿಜಯನಗರದ ಇಮ್ಮಡಿ ದೇವರಾಯ, ಬೀದರಿನಲ್ಲಿ ಬಹಮನಿ ಸುಲ್ತಾನ. ನಮ್ಮ ಊರು ಆಗಿನ್ನೂ ಬಹಮನಿಗಳ ಒಂದು ಪ್ರಾಂತ್ಯ. ಯೂಸುಫ್ ಆದಿಲ್ ಖಾನ್ ಇಲ್ಲಿ ಸ್ವತಂತ್ರ ರಾಜ್ಯ ಕಟ್ಟುವುದಕ್ಕೆ 1490ರವರೆಗೆ ಕಾಯಬೇಕು. ಗೋಳಗುಮ್ಮಟವನ್ನು ನೋಡುತ್ತ ಬೆಳೆದ ನನಗೆ, ಅದನ್ನು ಕಟ್ಟುವಷ್ಟು ಸಂಪತ್ತು ಈ ಒಣಭೂಮಿಗೆ ಎಲ್ಲಿಂದ ಬಂತು ಎಂಬ ಕುತೂಹಲ ಮೊದಲಿನಿಂದಲೂ ಇತ್ತು. ಈ ಆಟ ನನ್ನನ್ನು ಹಿಡಿದದ್ದೂ ಆ ಕುತೂಹಲದಿಂದಲೇ. ರಾಯಚೂರು ದೋಆಬಿಗಾಗಿ ಎರಡು ರಾಜ್ಯಗಳು ತಲೆಮಾರುಗಟ್ಟಲೆ ಏಕೆ ಬಡಿದಾಡಿದವು ಎಂಬುದು, ಭೂಪಟದಲ್ಲಿ ಕೃಷ್ಣೆ ಮತ್ತು ತುಂಗಭದ್ರೆಯ ನಡುವಿನ ಆ ತುಂಡನ್ನು ಗೆದ್ದು ಕಳೆದುಕೊಂಡಾಗ ಚೆನ್ನಾಗಿ ಅರ್ಥವಾಗುತ್ತದೆ.

ಮೊದಲು ಮೂಲ ಆಟವನ್ನಷ್ಟೇ ಇಟ್ಟುಕೊಂಡು ಬಹಮನಿಯಾಗಿ ಆಡಿದೆ. ಏನೂ ಕೊಳ್ಳುವ ಮೊದಲು ಹೀಗೆ ಆಡಬೇಕೆಂದು ಎಲ್ಲರಿಗೂ ಹೇಳುತ್ತೇನೆ, ಏಕೆಂದರೆ ಕೊರತೆ ಎಲ್ಲಿದೆ ಎಂಬುದನ್ನು ಯಾರ ಶಿಫಾರಸಿಗಿಂತಲೂ ಚೆನ್ನಾಗಿ ಆಟವೇ ತೋರಿಸಿಕೊಡುತ್ತದೆ. ಶತ್ರುಗಳಿಗಿಂತ ಹೆಚ್ಚಾಗಿ ನನ್ನನ್ನು ಕಾಡಿದ್ದು ಇನ್‌ಸ್ಟಿಟ್ಯೂಷನ್‌ಗಳು. ಈ ಆಟದಲ್ಲಿ 1450ರಲ್ಲಿ ಪುನರುಜ್ಜೀವನ, 1500ರಲ್ಲಿ ವಸಾಹತುಶಾಹಿ, 1550ರಲ್ಲಿ ಮುದ್ರಣಯಂತ್ರ, ಹೀಗೆ ಸುಮಾರು 50 ವರ್ಷಕ್ಕೊಂದರಂತೆ ಹೊಸ ವ್ಯವಸ್ಥೆಗಳು ಹುಟ್ಟುತ್ತವೆ ಮತ್ತು ಪ್ರಾಂತ್ಯದಿಂದ ಪ್ರಾಂತ್ಯಕ್ಕೆ ನಿಧಾನವಾಗಿ ಹರಡುತ್ತವೆ. ಅವುಗಳನ್ನು ಅಳವಡಿಸಿಕೊಳ್ಳದ ರಾಜ್ಯಕ್ಕೆ ತಂತ್ರಜ್ಞಾನದ ಖರ್ಚು ವರ್ಷವರ್ಷವೂ ಏರುತ್ತದೆ. ಒಂದೊಂದು ಇನ್‌ಸ್ಟಿಟ್ಯೂಷನ್‌ಗೂ ಶೇಕಡಾ 50ರವರೆಗೆ ಏರಬಹುದು. ಇಟಲಿಯಲ್ಲಿ ಹುಟ್ಟಿದ ಪುನರುಜ್ಜೀವನ ತಾನಾಗಿ ಭೀಮಾ ತೀರಕ್ಕೆ ಬರುವ ಹೊತ್ತಿಗೆ ದಶಕಗಳೇ ಕಳೆದಿರುತ್ತವೆ.

ಇದಕ್ಕೆ ಇರುವ ಉಪಾಯ ಪ್ರಾಂತ್ಯವನ್ನು ಸ್ವತಃ ಅಭಿವೃದ್ಧಿಪಡಿಸುವುದು. ತಿಂಗಳು ತಿಂಗಳು ಸಿಗುವ ಆಡಳಿತ, ರಾಜತಾಂತ್ರಿಕ ಮತ್ತು ಸೇನಾ ಅಂಕಗಳನ್ನು ಸುರಿದು ಒಂದೇ ಪ್ರಾಂತ್ಯವನ್ನು ಬೆಳೆಸುತ್ತ ಹೋದರೆ, ಹೊಸ ವ್ಯವಸ್ಥೆ ಅಲ್ಲಿಯೇ ಬೇರೂರುತ್ತದೆ ಮತ್ತು ಅಲ್ಲಿಂದ ಅಕ್ಕಪಕ್ಕಕ್ಕೆ ಹರಡುತ್ತದೆ. ಆ ಬಟನ್ ಬಂದದ್ದು 2015ರ ಕಾಮನ್ ಸೆನ್ಸ್ ವಿಸ್ತರಣೆಯೊಂದಿಗೆ. ಯುರೋಪಿನಲ್ಲಿ ಆಡುವವರಿಗೆ ಅದು ಅನುಕೂಲವಾದರೆ ದಖ್ಖನ್ನಿನಲ್ಲಿ ಆಡುವವರಿಗೆ ಅನಿವಾರ್ಯ. ನಾನು ಮೊದಲು ಕೊಂಡದ್ದು ಅದನ್ನೇ.

ಬಟನ್ ಕೈಗೆ ಬಂದ ಮೇಲೆ ಪ್ರಾಂತ್ಯದ ಆಯ್ಕೆಯೂ ಒಂದು ಕಲೆಯೇ. ಬಯಲು ಹೊಲಗಳ ಪ್ರಾಂತ್ಯಕ್ಕೆ ಖರ್ಚು ಕಡಿಮೆ, ಬೆಟ್ಟದ ಪ್ರಾಂತ್ಯಕ್ಕೆ ಬಹಳ ಹೆಚ್ಚು. ಹತ್ತಿ ಅಥವಾ ಬಟ್ಟೆ ಉತ್ಪಾದಿಸುವ ಪ್ರಾಂತ್ಯವಾದರೆ ಇನ್ನೂ ಶೇಕಡಾ 10ರಷ್ಟು ಉಳಿತಾಯ. ಅಂಥದ್ದೊಂದನ್ನು ಮೊದಲೇ ಗುರುತಿಟ್ಟುಕೊಂಡು, 1450 ದಾಟುವವರೆಗೂ ಅಂಕಗಳನ್ನು ಕೂಡಿಡುತ್ತಿದ್ದೆ. ಆಮೇಲೆ ಒಂದೇ ಸಮನೆ ಒತ್ತುತ್ತ ಹೋದಂತೆ ಪ್ರತಿ ಒತ್ತಿಗೂ ಖರ್ಚು ಸ್ವಲ್ಪ ಏರುತ್ತದೆ, ಪ್ರಾಂತ್ಯದ ಪಟ್ಟಿಯಲ್ಲಿ ಪುನರುಜ್ಜೀವನದ ಗೆರೆ ಸ್ವಲ್ಪ ಮುಂದೆ ಸರಿಯುತ್ತದೆ. ಕೊನೆಗೆ ಆ ಗೆರೆ ತುಂಬಿ, ಏಷ್ಯಾದ ನಟ್ಟನಡುವೆ ಭೂಪಟದಲ್ಲಿ ಒಂದೇ ಒಂದು ಹಸಿರು ಚುಕ್ಕೆ ಮೂಡಿದಾಗ ಆಗುವ ಸಂತೋಷಕ್ಕೆ ಯಾವ ಯುದ್ಧದ ಗೆಲುವೂ ಸಮವಲ್ಲ.

ಎರಡನೆಯದಾಗಿ ಕೊಂಡದ್ದು 2018ರ ಸೆಪ್ಟೆಂಬರ್‌ನಲ್ಲಿ ಬಂದ 'ಧರ್ಮ' ಎಂಬುದನ್ನು. ಭಾರತದ ಹೆಸರಿನಲ್ಲೇ ಬಂದ ವಿಸ್ತರಣೆ ಇದು. ಆದರೆ ಇದರಲ್ಲಿರುವ ಎಲ್ಲವೂ ಭಾರತದ ರಾಜ್ಯಗಳಿಗೆ ಉಪಯುಕ್ತವೆಂದು ತಿಳಿಯಬೇಕಿಲ್ಲ. ಭಾರತದ ಭೂಪಟವನ್ನು ಹೊಸದಾಗಿ ಬಿಡಿಸಿದ್ದು ಅದರ ಜೊತೆಗೆ ಬಂದ ಉಚಿತ ಪ್ಯಾಚಿನಲ್ಲಿ. ವ್ಯಾಪಾರ ಕಂಪನಿಗಳಲ್ಲಿ ಹಣ ಹೂಡುವ ಸೌಲಭ್ಯ, 1510ರಲ್ಲಿ ಆದಿಲ್‌ಶಾಹಿಯಿಂದ ಗೋವೆಯನ್ನು ಕಸಿದುಕೊಂಡ ಪೋರ್ಚುಗೀಸರಂಥ ದೂರದ ರಾಜ್ಯಗಳನ್ನು ಆಡುವವರಿಗೇ ಹೆಚ್ಚು ಲಾಭದ್ದು. ನಮಗೆ ನಿಜವಾಗಿ ದಕ್ಕುವುದು ಎರಡು ಸಂಗತಿಗಳು. ಒಂದು, ಇಲ್ಲಿನ ಪ್ರಮುಖ ರಾಜ್ಯಗಳಿಗೆಂದೇ ಹೆಣೆದ ಮಿಷನ್‌ಗಳು, ಅಂದರೆ ಒಂದೊಂದಾಗಿ ಸಾಧಿಸಬೇಕಾದ ಗುರಿಗಳು. ಅವು ಇದ್ದರೆ ಮುಂದೇನು ಮಾಡಬೇಕು ಎಂಬುದಕ್ಕೆ ಇತಿಹಾಸದ ದಿಕ್ಕು ಸಿಗುತ್ತದೆ, ಗೆದ್ದ ಪ್ರತಿ ಹೆಜ್ಜೆಗೂ ಪ್ರತಿಫಲವಿರುತ್ತದೆ. ಇನ್ನೊಂದು, ವ್ಯಾಪಾರ ಕೇಂದ್ರಗಳನ್ನು ಹಣ ಕೊಟ್ಟು ಮೇಲ್ದರ್ಜೆಗೇರಿಸುವ ಅವಕಾಶ. ಪಶ್ಚಿಮ ಕರಾವಳಿಯ ಬಂದರುಗಳನ್ನು ಹಿಡಿದ ಮೇಲೆ ಈ ಎರಡನೆಯದು ಬೊಕ್ಕಸವನ್ನು ತುಂಬಿಸುವ ರೀತಿ ನೋಡಿದರೆ, ಆ ಬಂದರುಗಳಿಗಾಗಿ ಬಹಮನಿಗಳೂ ವಿಜಯನಗರದವರೂ ಅಷ್ಟೊಂದು ಹೋರಾಡಿದ್ದು ಏಕೆಂದು ತಿಳಿಯುತ್ತದೆ. ಮೊಘಲರಾಗಿ ಆಡಬೇಕೆನ್ನುವವರಂತೂ ಧರ್ಮ ವಿಸ್ತರಣೆ ಇಲ್ಲದೆ ಶುರುಮಾಡಬಾರದು. ಗೆದ್ದ ಸಂಸ್ಕೃತಿಗಳನ್ನು ತಮ್ಮದಾಗಿಸಿಕೊಳ್ಳುವ ಅವರ ವಿಶೇಷ ಆಡಳಿತ ಪದ್ಧತಿ ಬಂದದ್ದು ಅದರಲ್ಲೇ.

ಮೂರನೆಯ ಆಯ್ಕೆ ಬಂದಾಗ ಆಡುವ ರಾಜ್ಯದ ಮತವನ್ನು ನೋಡಬೇಕಾಯಿತು. ವಿಜಯನಗರವಾಗಿ ಆಡುವವರಿಗೆ 2014ರ ವೆಲ್ತ್ ಆಫ್ ನೇಷನ್ಸ್ ಸಹಾಯಕ; ಹಿಂದೂ ಅರಸನೊಬ್ಬ ಪಟ್ಟಕ್ಕೆ ಬಂದಾಗ ಶಿವ, ವಿಷ್ಣು, ಗಣೇಶ, ಶಕ್ತಿ ಮುಂತಾದ ದೇವತೆಗಳಲ್ಲಿ ಒಬ್ಬರನ್ನು ಇಷ್ಟದೈವವಾಗಿ ಆರಿಸಿಕೊಳ್ಳಬಹುದು, ಆ ದೈವಕ್ಕೆ ತಕ್ಕ ಲಾಭ ಅರಸನ ಆಯುಷ್ಯದುದ್ದಕ್ಕೂ ಇರುತ್ತದೆ. ಬಹಮನಿಯಾಗಿ ಆಡುವವರಿಗೆ 2017ರ ಕ್ರೇಡಲ್ ಆಫ್ ಸಿವಿಲೈಸೇಶನ್ ಹೊಂದುತ್ತದೆ. ಅದು ಪಶ್ಚಿಮ ಏಷ್ಯಾಕ್ಕೆಂದು ಮಾಡಿದ ವಿಸ್ತರಣೆಯಾದರೂ, ಇಸ್ಲಾಮಿನ ನ್ಯಾಯಪಂಥಗಳ ಸೌಲಭ್ಯ ದಖ್ಖನ್ನಿನ ಸುಲ್ತಾನರಿಗೂ ಸಿಗುತ್ತದೆ. ಅದಕ್ಕಿಂತ ಮುಖ್ಯವಾಗಿ, ಸೈನ್ಯಕ್ಕೆ ಕವಾಯತು ಮಾಡಿಸುವುದು ಮತ್ತು ಸೇನೆಯ ವೃತ್ತಿಪರತೆಯನ್ನು ಬೆಳೆಸುವುದು ಅದರಲ್ಲಿವೆ. ಇವೆರಡೂ ಯಾವ ರಾಜ್ಯಕ್ಕಾದರೂ ಬೇಕಾದವು. ಎರಡರಲ್ಲಿ ಒಂದನ್ನಷ್ಟೇ ಕೊಳ್ಳಲು ಸಾಧ್ಯವಾದರೆ ಕ್ರೇಡಲ್ ಅನ್ನೇ ಕೊಳ್ಳಿರಿ ಎಂದು ಯಾವ ಸಂಕೋಚವೂ ಇಲ್ಲದೆ ಹೇಳುತ್ತೇನೆ. ನಾನೂ ಅದನ್ನೇ ಮಾಡಿದೆ. ವೆಲ್ತ್ ಆಫ್ ನೇಷನ್ಸ್ ನನ್ನ ಬಳಿಗೆ ಬಂದದ್ದು ಆಮೇಲೆ ಒಂದು ಸೇಲ್‌ನಲ್ಲಿ.

ಉಳಿದವುಗಳಲ್ಲಿ ರೈಟ್ಸ್ ಆಫ್ ಮ್ಯಾನ್ ಮತ್ತು ಆರ್ಟ್ ಆಫ್ ವಾರ್ ಎರಡನ್ನೂ ಒಳ್ಳೆಯವೆಂದೇ ಎಣಿಸುತ್ತೇನೆ. ಅರಸನ ಮೂರು ಸಾಮರ್ಥ್ಯಗಳು ಸೊನ್ನೆಯಿಂದ 6ರವರೆಗೆ ಇರುತ್ತವೆ, ತಿಂಗಳ ಅಂಕಗಳು ಬಹುಮಟ್ಟಿಗೆ ಅವುಗಳನ್ನೇ ಅವಲಂಬಿಸಿವೆ. ಕೈಲಾಗದ ಯುವರಾಜ ಹುಟ್ಟಿದರೆ ಪ್ರತಿಷ್ಠೆಯನ್ನು ತೆತ್ತು ಅವನ ಹಕ್ಕನ್ನು ರದ್ದು ಮಾಡುವ ಅವಕಾಶ ರೈಟ್ಸ್ ಆಫ್ ಮ್ಯಾನ್‌ನಲ್ಲಿದೆ, ಅರಸರಿಗೆ ಗುಣಸ್ವಭಾವಗಳೂ ಅದರಲ್ಲೇ ಬರುತ್ತವೆ. ಗೆದ್ದ ಪ್ರಾಂತ್ಯದ ಹಿಡಿತವನ್ನು ಯುದ್ಧ ನಡೆದಿರುವಾಗಲೇ ಮಿತ್ರರಾಜ್ಯಕ್ಕೆ ವಹಿಸಿಕೊಡುವುದು ಆರ್ಟ್ ಆಫ್ ವಾರ್‌ನ ಕೊಡುಗೆ. ಗೆಳೆಯರು ಕೂಡಿ ಆಡುವಾಗ ಇದಿಲ್ಲದಿದ್ದರೆ ಜಗಳ ತಪ್ಪಿದ್ದಲ್ಲ. ಒಂದು ಎಚ್ಚರಿಕೆ ಹೇಳಲೇಬೇಕು. ಹಳೆಯ ವಿಸ್ತರಣೆಗಳಲ್ಲಿ ಕೆಲವನ್ನು ಕಂಪನಿ ಈಗ ಮೂಲ ಆಟದೊಳಗೇ ಸೇರಿಸಿದೆ. ನಾನು ಹಣ ಕೊಟ್ಟು ಕೊಂಡದ್ದು ನಿಮಗೆ ಹಾಗೆಯೇ ಸಿಗಬಹುದು. ಆದ್ದರಿಂದ ಹಳೆಯ ಸಲಹೆಗಳನ್ನು, ನನ್ನದನ್ನೂ ಸೇರಿಸಿ, ಸ್ಟೀಮ್‌ನ ಇಂದಿನ ಪುಟದೊಂದಿಗೆ ಹೋಲಿಸಿ ನೋಡಿದ ಮೇಲೆಯೇ ಮುಂದುವರಿಯಿರಿ.

ಕೊಳ್ಳದೆ ಬಿಟ್ಟವುಗಳ ವಿಷಯ ಚಿಕ್ಕದು. ಕಾಂಕ್ವೆಸ್ಟ್ ಆಫ್ ಪ್ಯಾರಡೈಸ್, ಎಲ್ ಡೊರಾಡೊ ಮತ್ತು ಗೋಲ್ಡನ್ ಸೆಂಚುರಿ ಅಮೆರಿಕ ಖಂಡದತ್ತ ಮತ್ತು ಸ್ಪೇನಿನತ್ತ ಹೊರಳಿದವು. ಎಂಪರರ್ ಬಹಳ ದೊಡ್ಡ ಕೆಲಸ, ಆದರೆ ಅದರ ಬಹುಪಾಲು ಪವಿತ್ರ ರೋಮನ್ ಸಾಮ್ರಾಜ್ಯಕ್ಕೆ ಮತ್ತು ಪೋಪರಿಗೆ ಸಂಬಂಧಿಸಿದ್ದು. 2021ರ ಏಪ್ರಿಲ್‌ನಲ್ಲಿ ಬಂದ ಲೆವಯಥನ್‌ಗೆ ಬಿಡುಗಡೆಯ ಹೊತ್ತಿನಲ್ಲಿ ಸ್ಟೀಮ್‌ನಲ್ಲಿ ತೀರ ಕಟುವಾದ ವಿಮರ್ಶೆಗಳು ಬಂದವು, ನಂತರ ತಿದ್ದುಪಡಿಗಳೂ ಆದವು. ಅದರಲ್ಲಿರುವ ಮಹಾಸ್ಮಾರಕಗಳನ್ನು ಹಂತಹಂತವಾಗಿ ಬೆಳೆಸುವ ಯೋಚನೆ ನನಗೆ ಇಷ್ಟವಾದರೂ, ನನ್ನ ಪಟ್ಟಿಯಲ್ಲಿ ಅದು ಕೆಳಗೇ ಉಳಿದಿದೆ. ಸಂಗೀತ ಮತ್ತು ಸೈನಿಕರ ವೇಷಭೂಷಣದ ಪ್ಯಾಕ್‌ಗಳು ಕಣ್ಣಿಗೆ, ಕಿವಿಗೆ ಹಿತವಾಗಿರುತ್ತವೆಯೇ ಹೊರತು ಆಟದ ನಡೆಯನ್ನು ಬದಲಿಸುವುದಿಲ್ಲ. ಬಂಡಲ್ ಕೊಳ್ಳುವಾಗ ಒಳಗೆ ಇಂಥವು ಎಷ್ಟಿವೆ ಎಂಬುದನ್ನು ನೋಡಿಯೇ ಬೆಲೆ ಲೆಕ್ಕ ಹಾಕಬೇಕು.

ಹಣ ಉಳಿಸಿದ ಎರಡು ದಾರಿಗಳನ್ನು ಸ್ವಲ್ಪ ವಿವರವಾಗಿ ಹೇಳಬೇಕು. 2021ರಿಂದ ಈ ಆಟಕ್ಕೆ ತಿಂಗಳ ಚಂದಾ ಇದೆ. ಅದನ್ನು ಕಟ್ಟಿದರೆ ಆ ಅವಧಿಯಲ್ಲಿ ಎಲ್ಲ ವಿಸ್ತರಣೆಗಳೂ ತೆರೆದುಕೊಳ್ಳುತ್ತವೆ. ರಜೆಯ ದಿನಗಳನ್ನು ನೋಡಿಕೊಂಡು ನಾನು ಚಂದಾ ತೆಗೆದುಕೊಂಡೆ. ಆಟದ ಲಾಂಚರ್‌ನಲ್ಲಿ ಒಂದೊಂದು ವಿಸ್ತರಣೆಯನ್ನೂ ಬೇಕೆಂದಾಗ ಹಚ್ಚಬಹುದು, ಬೇಡವೆಂದಾಗ ತೆಗೆಯಬಹುದು. ಕ್ರೇಡಲ್ ತೆಗೆದು ಒಂದು ಆಟ, ಹಚ್ಚಿ ಇನ್ನೊಂದು ಆಟ ಆಡಿ ನೋಡಿದಾಗ, ಕವಾಯತು ಇಲ್ಲದ ಸೇನೆಯನ್ನು ನಾನು ಎಷ್ಟು ಬೇಗ ಕೊರತೆಯೆಂದು ಭಾವಿಸಿದೆ ಎಂಬುದೇ ಅದನ್ನು ಕೊಳ್ಳಲು ಸಾಕಷ್ಟು ಕಾರಣವಾಯಿತು. ಲೆವಯಥನ್‌ನೊಂದಿಗೆ ಹೀಗೆಯೇ ಮಾಡಿದಾಗ ಅದರ ಗೈರು ನನಗೆ ಅರಿವಿಗೇ ಬರಲಿಲ್ಲ. ಚಂದಾ ಮುಗಿದ ಮೇಲೆ ಯಾವ ಬಟನ್ ಅನ್ನು ಕೈ ತಾನಾಗಿ ಹುಡುಕುತ್ತದೆಯೋ ಅದರ ವಿಸ್ತರಣೆಯನ್ನು ಕೊಂಡರೆ ಸಾಕು.

ಇನ್ನೊಂದು ದಾರಿ ಗೆಳೆಯರದ್ದು. ಹಲವರು ಕೂಡಿ ಇಂಟರ್‌ನೆಟ್ ಮೇಲೆ ಆಡುವಾಗ, ಆಟವನ್ನು ನಡೆಸುವ ಹೋಸ್ಟ್‌ನ ಬಳಿ ಇರುವ ವಿಸ್ತರಣೆಗಳು ಆ ಆಟದ ಮಟ್ಟಿಗೆ ಎಲ್ಲರಿಗೂ ಅನ್ವಯಿಸುತ್ತವೆ. ಬಾಗಲಕೋಟೆಯ ನನ್ನ ಗೆಳೆಯ ಒಟ್ಟೊಮನ್ನರನ್ನೂ ಯುರೋಪನ್ನೂ ಆಡುವವನು, ಅವನ ಸಂಗ್ರಹ ನನ್ನದಕ್ಕಿಂತ ದೊಡ್ಡದು. ಹಾಗಾಗಿ ಭಾನುವಾರದ ಆಟಗಳಿಗೆ ಅವನೇ ಹೋಸ್ಟ್. "ನೀ ದಖ್ಖನ್ನಿಂದು ತಗೋ, ಉಳಿದದ್ದು ನನ್ನ ಕಡೆ ಅದಾವ" ಎಂದು ಅವನು ಹೇಳಿದ ಮೇಲೆ, ಎಂಪರರ್‌ನಂಥವುಗಳಿಗೆ ನಾನು ಹಣ ಹಾಕುವ ಯೋಚನೆಯನ್ನೇ ಕೈಬಿಟ್ಟೆ. ನಿಮ್ಮ ಬಳಗದಲ್ಲಿ ಕೂಡಿ ಆಡುವವರಿದ್ದರೆ ಯಾರು ಏನು ಕೊಳ್ಳಬೇಕೆಂದು ಮೊದಲೇ ಮಾತಾಡಿಕೊಳ್ಳುವುದು ಬಹಳ ಉಪಯುಕ್ತ.

ಸ್ಟೀಮ್‌ನಲ್ಲಿ ಬೇಸಿಗೆ ಮತ್ತು ಚಳಿಗಾಲದ ದೊಡ್ಡ ಸೇಲ್‌ಗಳು ಪ್ರತಿ ವರ್ಷ ಬರುತ್ತವೆ. ಹಳೆಯ ವಿಸ್ತರಣೆಗಳನ್ನು ಪೂರ್ಣ ಬೆಲೆಗೆ ಕೊಳ್ಳುವ ಅಗತ್ಯ ನನಗಂತೂ ಕಂಡಿಲ್ಲ. ಬೇಕೆನಿಸಿದ್ದನ್ನು ವಿಶ್‌ಲಿಸ್ಟ್‌ನಲ್ಲಿ ಇಟ್ಟರೆ ಬೆಲೆ ಇಳಿದಾಗ ಇಮೇಲ್ ಬರುತ್ತದೆ. ಕೊಂಡ ಮೇಲೆ ಬೇಡವೆನಿಸಿದರೆ, 14 ದಿನಗಳೊಳಗೆ, ಮತ್ತು ಆ ವಿಸ್ತರಣೆ ಕೊಂಡ ನಂತರ ಮೂಲ ಆಟವನ್ನು ಎರಡು ಗಂಟೆಗಿಂತ ಕಡಿಮೆ ಆಡಿದ್ದರೆ, ಹಣ ಮರಳಿ ಕೇಳಬಹುದು. ಈ ಆಟದಲ್ಲಿ ಎರಡು ಗಂಟೆ ಎಂದರೆ ಒಂದು ಯುದ್ಧ ಮುಗಿಯುವ ಹೊತ್ತು, ಅಷ್ಟರಲ್ಲಿ ವಿಸ್ತರಣೆಯ ನಿಜವಾದ ಉಪಯೋಗ ತಿಳಿಯುವುದು ಕಷ್ಟ. ಚಂದಾ ತೆಗೆದುಕೊಂಡು ಮೊದಲೇ ಪರೀಕ್ಷಿಸುವುದು ಮೇಲೆಂದು ನಾನು ಹೇಳುವುದು ಅದಕ್ಕೇ. 2025ರ ನವೆಂಬರ್‌ನಲ್ಲಿ ಈ ಸರಣಿಯ ಐದನೆಯ ಆಟವೂ ಬಂದಿದೆ, ಅದಕ್ಕೂ ಮುಂದೆ ವಿಸ್ತರಣೆಗಳ ಸಾಲು ಬೆಳೆಯುತ್ತದೆ. ಸದ್ಯಕ್ಕೆ ನಾನು ನಾಲ್ಕನೆಯದರಲ್ಲೇ ಇದ್ದೇನೆ. ನನ್ನ ವಿಶ್‌ಲಿಸ್ಟ್‌ನಲ್ಲಿ ಈಗ ಉಳಿದಿರುವುದು 2023ರ ಡಾಮಿನೇಷನ್ ಒಂದೇ, ಅದೂ ಬಾಗಲಕೋಟೆಯ ಗೆಳೆಯ ಅದನ್ನು ಕೊಳ್ಳದಿದ್ದರೆ ಮಾತ್ರ.