ಊರಿನ ಹೆಸರು ಕಲಿಸಿದ ಕೋಡಿಂಗ್: ಡಿಜಿಟಲ್ ಮಾರ್ಕೆಟಿಂಗ್‌ನಲ್ಲಿ ನನ್ನ ಅನುಭವ

ಕಲಬುರಗಿಯ ತೊಗರಿಬೇಳೆ ವ್ಯಾಪಾರಿಗಳಿಗೂ ಕೋಚಿಂಗ್ ಕೇಂದ್ರಗಳಿಗೂ ಗೂಗಲ್ ಮತ್ತು ಫೇಸ್‌ಬುಕ್‌ನಲ್ಲಿ ಜಾಹೀರಾತು ನಡೆಸಿಕೊಡುವ ಕೆಲಸದಲ್ಲಿದ್ದ ನಾನು ಕೋಡಿಂಗ್ ಕಲಿಯಲು ಕಾರಣವಾದದ್ದು ನಮ್ಮ ಊರಿನ ಹೆಸರು. 2014ರ ನವೆಂಬರ್ 1ರಂದು ಗುಲ್ಬರ್ಗಾ ಅಧಿಕೃತವಾಗಿ ಕಲಬುರಗಿಯಾಯಿತಾದರೂ, ಗೂಗಲ್‌ನಲ್ಲಿ ಹುಡುಕುವವರು ಇಂದಿಗೂ ಎರಡೂ ಹೆಸರುಗಳನ್ನು ಬಳಸುತ್ತಾರೆ. ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯುವಾಗಲಂತೂ ಒಬ್ಬೊಬ್ಬರದು ಒಂದೊಂದು ಕಾಗುಣಿತ. ಹೀಗಾಗಿ ಹುಡುಕಾಟದ ಪದಗಳ ವರದಿಯಲ್ಲಿ ಒಂದೇ ಊರಿನ ಖರ್ಚು ಹಲವು ಸಾಲುಗಳಲ್ಲಿ ಹಂಚಿಹೋಗಿರುತ್ತಿತ್ತು. ತಿಂಗಳ ಕೊನೆಯಲ್ಲಿ ಅವನ್ನೆಲ್ಲ ಕೈಯಿಂದ ಒಟ್ಟುಗೂಡಿಸುವುದೇ ದೊಡ್ಡ ಕೆಲಸವಾಗಿತ್ತು.

ಗೂಗಲ್ ಶೀಟ್ಸ್‌ನೊಳಗೇ ಸಿಗುವ ಆ್ಯಪ್ಸ್ ಸ್ಕ್ರಿಪ್ಟ್‌ನಿಂದ ನಾನು ಕಲಿಕೆ ಆರಂಭಿಸಿದೆ. ಅದು ಶೀಟ್‌ನ ಕೆಲಸಗಳನ್ನು ಕೋಡ್‌ನಿಂದ ಮಾಡಿಸುವ ಸಾಧನ, ಜಾವಾಸ್ಕ್ರಿಪ್ಟ್ ಎಂಬ ವೆಬ್ ಭಾಷೆ ಆಧಾರಿತವಾದದ್ದು, ಕಂಪ್ಯೂಟರ್‌ನಲ್ಲಿ ಏನನ್ನೂ ಹೊಸದಾಗಿ ಇನ್‌ಸ್ಟಾಲ್ ಮಾಡಬೇಕಾಗಿಲ್ಲ. ಮೊದಲು ಬರೆದದ್ದು, ಪದದ ಹಲವು ರೂಪಗಳನ್ನು ಒಂದೇ ನಮೂನೆಯಿಂದ ಗುರುತಿಸುವ ರೆಗ್ಯುಲರ್ ಎಕ್ಸ್‌ಪ್ರೆಷನ್‌ನ ಎರಡು ನಿಯಮಗಳು: ಗುಲ್ಬರ್ಗಾದಲ್ಲಿ ‘ಬಿ’ ಮತ್ತು ‘ಆರ್’ ನಡುವೆ ‘ಎ’ ಬಂದರೂ ‘ಯು’ ಬಂದರೂ ಒಪ್ಪಿಕೊಳ್ಳಬೇಕು, ಕಲಬುರಗಿಯಲ್ಲಿ ‘ಎಲ್’ ನಂತರದ ‘ಎ’ ಹಾಗೂ ‘ಆರ್’ ನಂತರದ ‘ಎ’ ಇದ್ದರೂ ಸರಿ, ಇಲ್ಲದಿದ್ದರೂ ಸರಿ. ಇಷ್ಟರಿಂದಲೇ ಇಂಗ್ಲಿಷ್ ಕಾಗುಣಿತಗಳ ಗೊಂದಲ ಬಹುಪಾಲು ತೀರಿತು.

ಕನ್ನಡ ಲಿಪಿಯ ಪದಗಳು ಅಷ್ಟು ಸುಲಭವಾಗಿರಲಿಲ್ಲ. ‘ಕೋಚಿಂಗ್’ ಎಂಬ ಪದ ಪಟ್ಟಿಯಲ್ಲಿ ಎರಡು ಬಾರಿ ಬರುತ್ತಿತ್ತು, ಎರಡೂ ಕಣ್ಣಿಗೆ ಒಂದೇ ರೀತಿ ಕಾಣುತ್ತಿದ್ದವು. ಪ್ರತಿ ಅಕ್ಷರವನ್ನು ಕಂಪ್ಯೂಟರ್ ಗುರುತಿಸುವ ಯೂನಿಕೋಡ್ ಸಂಖ್ಯೆಗಳನ್ನು ಒಂದೊಂದಾಗಿ ಮುದ್ರಿಸಿ ನೋಡಿದಾಗ, ಒಂದರ ಕೊನೆಯಲ್ಲಿ ಒತ್ತಕ್ಷರವಾಗದಂತೆ ತಡೆಯುವ, ಪರದೆಯ ಮೇಲೆ ಕಾಣದ ಅಕ್ಷರವೊಂದು ಸೇರಿಕೊಂಡಿರುವುದು ತಿಳಿಯಿತು. ಎಣಿಕೆಗೆ ಮುನ್ನ ಪದದ ಕೊನೆಯಲ್ಲಿರುವ ಆ ಅಕ್ಷರವನ್ನು ತೆಗೆದುಹಾಕುವ ಒಂದು ಸಾಲನ್ನು ನನ್ನ ಕನ್ನಡ ವರದಿಗಳ ಸ್ಕ್ರಿಪ್ಟ್‌ಗಳಲ್ಲಿ ಇಂದಿಗೂ ಉಳಿಸಿಕೊಂಡಿದ್ದೇನೆ. ಕನ್ನಡದ ಮಾಹಿತಿಯೊಂದಿಗೆ ಕೆಲಸ ಮಾಡುವವರು ಇದನ್ನು ಮೊದಲೇ ತಿಳಿದಿರುವುದು ಒಳ್ಳೆಯದು. ಇಂಗ್ಲಿಷ್ ಉದಾಹರಣೆಗಳಿಂದ ಪಾಠ ಹೇಳುವ ಕೋರ್ಸ್‌ಗಳಲ್ಲಿ ಇಂಥದ್ದು ನನಗೆ ಸಿಗಲಿಲ್ಲ.

ನಮ್ಮ ಭಾಗದ ಗ್ರಾಹಕರು ಫಾರ್ಮ್ ತುಂಬುವುದು ಅಪರೂಪ. ವಾಟ್ಸ್‌ಆ್ಯಪ್ ಬಟನ್ ಒತ್ತುತ್ತಾರೆ, ಇಲ್ಲವೇ ನೇರವಾಗಿ ಫೋನ್ ಮಾಡುತ್ತಾರೆ. ಬಟನ್ ಒತ್ತಿದ್ದನ್ನು ಎಣಿಸುವುದಕ್ಕೆ, ಜಾಲತಾಣದಲ್ಲಿ ಇಂಥ ಎಣಿಕೆ ಜೋಡಿಸಲು ನೆರವಾಗುವ ಗೂಗಲ್‌ನ ಟ್ಯಾಗ್ ಮ್ಯಾನೇಜರ್ ಸಾಕು. ಆದರೆ ಒತ್ತಿದವರು ವಿಚಾರಿಸಿದ್ದು ಒಂದು ಕಿಲೋ ಪ್ಯಾಕೆಟ್ಟನ್ನೋ ಸಗಟು ಚೀಲವನ್ನೋ ಎಂದು ತಿಳಿಯಬೇಕಾದರೆ, ಆ ವಿವರವನ್ನು, ಪುಟದ ಮಾಹಿತಿಯನ್ನು ಟ್ಯಾಗ್ ಮ್ಯಾನೇಜರ್ ಓದಿಕೊಳ್ಳುವ ಡೇಟಾ ಲೇಯರ್‌ಗೆ ಕಳುಹಿಸುವ ನಾಲ್ಕಾರು ಸಾಲು ಜಾವಾಸ್ಕ್ರಿಪ್ಟ್ ಬೇಕು. ಅದನ್ನು ನಾನೇ ಬರೆಯತೊಡಗಿದ ಮೇಲೆ, ವ್ಯಾಪಾರಿಗಳು ಲೈಕ್‌ಗಳ ಸಂಖ್ಯೆ ಕೇಳುವುದನ್ನು ಬಿಟ್ಟು, ಸಗಟು ವಿಚಾರಣೆಯೊಂದಕ್ಕೆ ಎಷ್ಟು ಖರ್ಚು ಬಿದ್ದಿತು ಎಂದು ಕೇಳತೊಡಗಿದರು. ನನ್ನ ಶುಲ್ಕದ ಮಾತುಕತೆಯೂ ಅಲ್ಲಿಂದಲೇ ಬದಲಾಯಿತು.

ಆದರೂ ನನ್ನ ವೃತ್ತಿಗೆ ಹೆಚ್ಚು ನೆರವಾದದ್ದು ಡೇಟಾಬೇಸ್‌ನಿಂದ ಮಾಹಿತಿ ಕೇಳಿ ಪಡೆಯುವ ಭಾಷೆಯಾದ ಎಸ್‌ಕ್ಯುಎಲ್. 2023ರ ಜುಲೈ 1ರಿಂದ ಗೂಗಲ್, ಜಾಲತಾಣಕ್ಕೆ ಬರುವವರ ಲೆಕ್ಕ ಇಡುವ ತನ್ನ ಹಳೆಯ ಸೇವೆಯಾದ ಯೂನಿವರ್ಸಲ್ ಅನಲಿಟಿಕ್ಸ್‌ನಲ್ಲಿ ಹೊಸ ಮಾಹಿತಿ ದಾಖಲಿಸುವುದನ್ನು ನಿಲ್ಲಿಸತೊಡಗಿ, ಎಲ್ಲರೂ ಹೊಸ ಗೂಗಲ್ ಅನಲಿಟಿಕ್ಸ್ 4, ಅಂದರೆ ಜಿಎ4ಕ್ಕೆ ಬರಬೇಕಾಯಿತು. ಅದರ ಉಚಿತ ಆವೃತ್ತಿಯಲ್ಲಿ, ನಮಗೆ ಬೇಕಾದಂತೆ ರೂಪಿಸಿಕೊಳ್ಳುವ ಎಕ್ಸ್‌ಪ್ಲೋರೇಶನ್ ವರದಿಗಳಿಗೆ ಬೇಕಾದ ವಿವರವಾದ ಮಾಹಿತಿ ಹೆಚ್ಚೆಂದರೆ 14 ತಿಂಗಳು ಉಳಿಯುತ್ತದೆ. ತೊಗರಿಯ ಸುಗ್ಗಿ ವರ್ಷಕ್ಕೊಮ್ಮೆ. ಎರಡು ಮೂರು ಸುಗ್ಗಿಗಳನ್ನು ಹೋಲಿಸದೆ ಬೇಳೆ ವ್ಯಾಪಾರಿಗೆ ಯಾವ ಸಲಹೆಯನ್ನೂ ಧೈರ್ಯದಿಂದ ಕೊಡಲಾಗದು. ಆದ್ದರಿಂದ ಮಾಹಿತಿಯನ್ನು ಗೂಗಲ್‌ನ ಕ್ಲೌಡ್ ಡೇಟಾಬೇಸ್ ಆದ ಬಿಗ್‌ಕ್ವೆರಿಗೆ ಕಳುಹಿಸಿ ಉಳಿಸಿಕೊಳ್ಳುವುದನ್ನು ಕಲಿತೆ. ಜೋಡಿಸಿದ ದಿನದಿಂದ ಮಾತ್ರ ಮಾಹಿತಿ ಸೇರತೊಡಗುತ್ತದೆ, ಹಿಂದಿನದು ಬರುವುದಿಲ್ಲ. ಬಿಗ್‌ಕ್ವೆರಿಯ ಉಚಿತ ಪ್ರಯೋಗ ಆವೃತ್ತಿಯಾದ ಸ್ಯಾಂಡ್‌ಬಾಕ್ಸ್‌ನಲ್ಲಿಯೇ ಬಿಟ್ಟರೆ 60 ದಿನಗಳಲ್ಲಿ ಕೋಷ್ಟಕಗಳು ಅಳಿಸಿಹೋಗುತ್ತವೆ. ಬಿಗ್‌ಕ್ವೆರಿಯಲ್ಲಿ, ಬಟನ್ ಒತ್ತಿದಂಥ ಪ್ರತಿ ಘಟನೆಯ ವಿವರಗಳೂ ಒಂದೇ ಅಂಕಣದೊಳಗೆ ಗಂಟುಕಟ್ಟಿಕೊಂಡಿರುತ್ತವೆ. ಅವನ್ನು ಬಿಡಿಸುವ, ಎಸ್‌ಕ್ಯುಎಲ್‌ನ ಅನ್‌ನೆಸ್ಟ್ ಎಂಬ ಆದೇಶ ಕೈಗೆ ಹತ್ತಲು ಸಾಕಷ್ಟು ಕಾಲ ಹಿಡಿಯಿತು.

ಬೆಂಗಳೂರಿನ ಕಂಪನಿಯೊಂದರ ಸಂದರ್ಶನದಲ್ಲಿ ನನಗೆ ಕೊಟ್ಟ ಪ್ರಶ್ನೆ ಸರಿಸುಮಾರು ಹೀಗೆ ವಿವರಗಳನ್ನು ಬಿಡಿಸುವುದೇ ಆಗಿತ್ತು. ಈಗ ಅವರ ಮಾರ್ಕೆಟಿಂಗ್ ಅನಾಲಿಸ್ಟ್ ಆಗಿ ಕಲಬುರಗಿಯಿಂದಲೇ ಕೆಲಸ ಮಾಡುತ್ತಿದ್ದೇನೆ. ಯಾವ ಬಟನ್‌ನಿಂದ ಯಾವ ವಿವರ ದಾಖಲಾಗಬೇಕು ಎಂಬುದನ್ನು ಅಲ್ಲಿನ ಡೆವಲಪರ್‌ಗಳಿಗೆ ನಾನೇ ಬರೆದು ಕೊಡುತ್ತೇನೆ. ಎಲ್ಲರೂ ಮೊದಲು ಕಲಿಯಿರಿ ಎನ್ನುವ ಪೈಥಾನ್ ಭಾಷೆ ನನ್ನ ಪಾಲಿಗೆ ಕೊನೆಯಲ್ಲಿ ಬಂತು. ಗೂಗಲ್ ಹುಡುಕಾಟದಲ್ಲಿ ಜಾಲತಾಣ ಹೇಗೆ ಕಾಣಿಸಿಕೊಳ್ಳುತ್ತಿದೆ ಎಂದು ತೋರಿಸುವ ಸರ್ಚ್ ಕನ್ಸೋಲ್‌ನ ಪರದೆ 1,000 ಸಾಲುಗಳಿಗಿಂತ ಹೆಚ್ಚು ತೋರಿಸುವುದಿಲ್ಲ, ಆದರೆ ಕೋಡ್‌ನಿಂದಲೇ ಮಾಹಿತಿ ಕೇಳಿ ಪಡೆಯುವ ದಾರಿಯಾದ ಎಪಿಐ ಮೂಲಕ ಒಂದು ಕೋರಿಕೆಗೆ 25,000 ಸಾಲುಗಳವರೆಗೆ ಪಡೆಯಬಹುದು ಎಂದು ತಿಳಿದಾಗಲೇ ನನಗೆ ಅದರ ಅಗತ್ಯ ಕಂಡದ್ದು.